ದೀಪಾವಳಿ ತೋರಣ ಎಸೆಯಬೇಡಿ

ಪ್ರಿಯ ಪೋಷಕರೇ,

ನಮಸ್ಕಾರ. ರಜೆ ಮುಗಿಸಿ ಮಕ್ಕಳು ಮತ್ತೆ ಶಾಲೆಗೆ ಬಂದಿದ್ದಾರೆ. ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ತೋರಣ ಇನ್ನೂ ಇದ್ದರೆ ದಯವಿಟ್ಟು ಕಸಕ್ಕೆ ಹಾಕಬೇಡಿ. ಅದರ ಬೀಜದಿಂದ ಮಕ್ಕಳು ಗಣರಾಜ್ಯೋತ್ಸವಕ್ಕೆ ಗಿಡ ಬೆಳೆಸಬೇಕಿದೆ. ಏಕೆಂದು ಹೇಳುತ್ತೇನೆ.

ನಮ್ಮ ಮುಂಬಯಿಯ ಬೈಕಲಾದ ರಾಣಿಬಾಗಿನಲ್ಲಿ ಮಹಾನಗರ ಪಾಲಿಕೆಯ ಹೂವಿನ ಪ್ರದರ್ಶನ ಸಾಮಾನ್ಯವಾಗಿ ಜನವರಿ ಕೊನೆ, ಫೆಬ್ರವರಿ ಮೊದಲ ವಾರದ ಹೊತ್ತಿಗೆ ನಡೆಯುತ್ತದೆ. ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ಈ ಸಲ ಕರೆದುಕೊಂಡು ಹೋಗುತ್ತೇವೆ. 1862ರಲ್ಲಿ ತೆರೆದ ತೋಟ ಅದು. ಪ್ರಾಣಿ ನೋಡಲು ನೀವೂ ಹೋಗಿರುತ್ತೀರಿ, ಅಲ್ವಾ? ಪ್ರದರ್ಶನದ ದಿನಗಳಲ್ಲಿ ಅದರ ಕಳೆಯೇ ಬೇರೆ. ಒಂದು ವಿಷಯ ಆರಿಸಿಕೊಂಡು ಹೂವಿನಲ್ಲೇ ಆಕಾರಗಳನ್ನು ನಿಲ್ಲಿಸುತ್ತಾರೆ. 2025ರಲ್ಲಿ ರಾಷ್ಟ್ರೀಯ ಚಿಹ್ನೆಗಳು ಇದ್ದವು. ಬೆಂಗಳೂರಿನ ಲಾಲ್‌ಬಾಗ್ ನೋಡಿದವರಿಗೆ ಇದು ಹೊಸದಲ್ಲ. 2023ರ ಆಗಸ್ಟ್‌ನಲ್ಲಿ ಅಲ್ಲಿನ ಗಾಜಿನ ಮನೆಯೊಳಗೆ ಹೂವಿನ ವಿಧಾನಸೌಧವೇ ಎದ್ದು ನಿಂತಿತ್ತು.

ಜನ ಎದುರಿಗೆ ನಿಂತು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನಮ್ಮ ಮಕ್ಕಳು ಹಿಂದಕ್ಕೂ ಹೋಗಿ ನೋಡಬೇಕು. ಕಬ್ಬಿಣದ ಚೌಕಟ್ಟು ಹೇಗಿದೆ, ಕುಂಡ ಎಷ್ಟು ಓರೆಯಾಗಿ ಕೂತಿದೆ, ನೀರು ಎಲ್ಲಿಂದ ಬರುತ್ತದೆ. ಅದನ್ನೇ ಚಿತ್ರ ಬರೆದು ತರಲು ಹೇಳಿದ್ದೇವೆ.

ಹೀಗೆ ಕೇಳಲು ಕಾರಣ ಇದೆ. ಹೋದ ವರ್ಷ ಶಾಲೆಯ ಅಂಗಳದಲ್ಲಿ ದಾದರಿನ ಹೂವಿನ ಮಾರುಕಟ್ಟೆಯಿಂದ ಬಿಡಿ ಹೂ ತಂದು ನವಿಲು ಮಾಡಿದ್ದೆವು. ಬೆಳಿಗ್ಗೆ ಎಂಟಕ್ಕೆ ಎಷ್ಟು ಚೆಂದ ಇತ್ತು! ಮಧ್ಯಾಹ್ನಕ್ಕೆ ಬಾಡಿಹೋಯಿತು. ಮೂರನೇ ತರಗತಿಯ ಒಬ್ಬ ಹುಡುಗಿ ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದೊಂದೇ ಹೂವಿಗೆ ನೀರು ಹನಿಸುತ್ತಾ ಕೂತಿದ್ದಳು. ಅದು ಇನ್ನೂ ನನ್ನ ಕಣ್ಣ ಮುಂದಿದೆ. ತಪ್ಪು ನಮ್ಮದೇ. ಹೂ ಚುಚ್ಚುವ ಹಸಿರು ಸ್ಪಂಜನ್ನು ಬಕೆಟ್ಟಿನಲ್ಲಿ ಒತ್ತಿ ಮುಳುಗಿಸಿದ್ದೆವು. ಅದು ತಾನಾಗಿ ಮುಳುಗಬೇಕು. ಒತ್ತಿದರೆ ಒಳಗೆ ಗಾಳಿ ಉಳಿದು ನೀರು ಹಿಡಿಯುವುದಿಲ್ಲ. ಮೇಲಾಗಿ ಅದು ಮಣ್ಣಿನಲ್ಲಿ ಕರಗುವುದೂ ಇಲ್ಲ. ಲಂಡನ್ನಿನ ಹೆಸರಾಂತ ಚೆಲ್ಸಿ ಹೂವಿನ ಪ್ರದರ್ಶನದಲ್ಲಿ 2021ರಿಂದ ಅದನ್ನು ಬಳಸುವಂತೆಯೇ ಇಲ್ಲ.

ಹಾಗಾಗಿ ಈ ಸಲ ಕಿತ್ತ ಹೂ ಬೇಡ, ಗಿಡವೇ ಇರಲಿ. ಗಣರಾಜ್ಯೋತ್ಸವದ ದಿನ ಅಂಗಳದಲ್ಲಿ ಏನು ಮಾಡೋಣ ಎಂದು ಕೇಳಿದಾಗ ಮಕ್ಕಳು ಲೋಕಲ್ ಟ್ರೇನ್ ಎಂದರು. ನನಗೆ ಅಜ್ಜಿ ಮನೆಯ ತುಳಸಿಕಟ್ಟೆ ಮಾಡಿಸುವ ಆಸೆ ಇತ್ತು. ಆದರೆ ಅವರು ದಿನಾ ನೋಡುವುದು ಟ್ರೇನನ್ನೇ. ಡಬ್ಬಿಗಳಿಗೆಲ್ಲ ಚೆಂಡು ಹೂ, ಕಿಟಕಿಗಳಿಗೆ ತುಳಸಿ ಎಂದು ಅವರೇ ನಿರ್ಧರಿಸಿದ್ದಾರೆ.

ಇನ್ನು ತೋರಣದ ವಿಷಯ. ಒಣಗಿದ ಹೂವನ್ನು ಬಿಡಿಸಿದರೆ ತೆಳ್ಳಗಿನ ಕಪ್ಪು ಬೀಜ ಸಿಗುತ್ತದೆ. ಎಲ್ಲವೂ ಮೊಳೆಯುವುದಿಲ್ಲ, ಜಾಸ್ತಿಯೇ ಹಾಕಿ. ಹಳೇ ಎಣ್ಣೆ ಡಬ್ಬ ಸಾಕು, ತಳಕ್ಕೆ ತೂತು ಇರಲಿ. ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಹೂ ಬಿಡಲು ಸುಮಾರು ಎರಡು ತಿಂಗಳು ಬೇಕು, ಆದ್ದರಿಂದ ಈ ವಾರವೇ ಬಿತ್ತಿ. ಗಿಡ ಗೇಣುದ್ದ ಆದಾಗ ತುದಿ ಚಿವುಟಿ, ಕವಲೊಡೆದು ಹೂ ಜಾಸ್ತಿ ಬಿಡುತ್ತದೆ. ನೀರು ಮಗುವೇ ಹಾಕಲಿ. ಮರೆತರೆ ನೆನಪಿಸಿ, ನೀವು ಹಾಕಬೇಡಿ.

ಚಾಳಿನ ಮನೆಯಲ್ಲಿ ಬಿಸಿಲು ಬೀಳದಿದ್ದರೆ ಚಿಂತೆ ಬೇಡ. ಡಬ್ಬವನ್ನು ಶಾಲೆಗೆ ಕಳಿಸಿ, ಟೆರೇಸಿನಲ್ಲಿ ಜಾಗ ಮಾಡಿದ್ದೇವೆ. ದಯವಿಟ್ಟು ನರ್ಸರಿಯಿಂದ ಗಿಡ ಕೊಂಡು ತರಬೇಡಿ. ಒಂದೇ ಹೂ ಬಿಟ್ಟರೂ ಅದಕ್ಕೆ ಟ್ರೇನಿನಲ್ಲಿ ಸೀಟಿದೆ.

ರಾಣಿಬಾಗಿಗೆ ಹೋಗುವ ದಿನವನ್ನು ಮಕ್ಕಳ ಡೈರಿಯಲ್ಲಿ ಬರೆದು ಕಳಿಸುತ್ತೇವೆ. ಬೈಕಲಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದೇ ಹೋಗುತ್ತೇವೆ. ಆ ದಿನ ಯಾರಿಗಾದರೂ ರಜೆ ಇದ್ದರೆ ಜೊತೆಗೆ ಬನ್ನಿ. ಊರಿನಲ್ಲಿ ತೋಟ ಮಾಡಿದ ಅಜ್ಜ ಅಜ್ಜಿಯರು ಬಂದರೆ ನಮಗೆ ಇನ್ನೂ ಸಂತೋಷ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ