ಮೂಗಿನ ವಿಚಾರ ಕೇಳಿದ ಗೆಳೆಯನಿಗೆ

ಗೆಳೆಯಾ,

ನೀನು ಕಳಿಸಿದ ಎರಡೂ ಫೋಟೊ ನೋಡಿದೆ. ಮೂಗಿನ ಮೇಲೆ ಕೆಂಪು ಗೆರೆ ಎಳೆದು ‘ಇಲ್ಲಿ ನೋಡು, ಸೊಟ್ಟ’ ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು: ‘ಆದ್ರೆ ನಾನು ಆಪರೇಷನ್ ಮಾಡಿಸ್ಕೊಳ್ಳೋದು ಉಸಿರಾಟಕ್ಕೆ ಕಣೋ, ಚಂದಕ್ಕಲ್ಲ.’ ಅದನ್ನು ಓದಿದ ಮೇಲೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಮೂರು ವರ್ಷದ ಹಿಂದೆ ಡಾಕ್ಟರ ಎದುರು ಕೂತು ನಾನೂ ಇದೇ ಮಾತು ಹೇಳಿದ್ದೆ.

ಆವತ್ತು ನಡೆದದ್ದನ್ನು ನಿನಗೂ ಹೇಳಿಲ್ಲ. ನನ್ನ ಎಡ ಹೊಳ್ಳೆ ಸದಾ ಕಟ್ಟಿರುತ್ತಿತ್ತು, ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಏಳುವಾಗ ಗಂಟಲು ಒಣಗಿ ಹೋಗಿರುತ್ತಿತ್ತು. ಡಾಕ್ಟರು ಅದನ್ನೆಲ್ಲ ಬರೆದುಕೊಂಡು, ‘ಕನ್ನಡಿ ನೋಡಿಕೊಂಡಾಗ ಏನಾದರೂ ಬದಲಾಗಬೇಕು ಅನ್ನಿಸುತ್ತಾ?’ ಅಂತ ಕೇಳಿದರು. ‘ಇಲ್ಲ’ ಅಂದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಕೂತೆ. ಹದಿನಾಲ್ಕನೇ ವಯಸ್ಸಿನಲ್ಲಿ ಚೆಂಡು ಬಡಿದು ಮೂಗು ವಾಲಿದ್ದು, ಆಮೇಲಿನ ವರ್ಷಗಳಲ್ಲೆಲ್ಲ ಫೋಟೊ ತೆಗೆಯುವಾಗ ಆ ಪಕ್ಕ ಕಾಣದ ಹಾಗೆ ನಿಲ್ಲುತ್ತಿದ್ದದ್ದು, ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ‘ನೀವು ಇದನ್ನು ಹೇಳದೆ ಹೋಗಿದ್ದರೆ ನಾನು ಬೇರೆಯದೇ ಆಪರೇಷನ್ ಯೋಚಿಸುತ್ತಿದ್ದೆ’ ಅಂದರು.

ಯಾಕೆ ಹಾಗಂದರು ಅನ್ನುವುದು ನನಗೆ ಅರ್ಥವಾದದ್ದು ಮೂಗಿನ ಒಳಗಿನ ರಚನೆ ತಿಳಿದ ಮೇಲೆ. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ, ಸೆಪ್ಟಮ್ ಅನ್ನುತ್ತಾರೆ. ಮುಂದಿನ ಭಾಗ ಮೆದು ಎಲುಬು, ಹಿಂದಿನದು ಗಟ್ಟಿ ಎಲುಬು. ಈ ಗೋಡೆ ನೂಲು ಹಿಡಿದಷ್ಟು ನೇರ ಇರುವವರು ಕಡಿಮೆಯೇ, ತುಸು ವಾಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಜಾಸ್ತಿ ವಾಲಿದಾಗ ಒಂದು ಕಡೆ ಗಾಳಿಗೆ ದಾರಿಯೇ ಉಳಿಯುವುದಿಲ್ಲ. ಗೋಡೆಯನ್ನಷ್ಟೇ ಸರಿಪಡಿಸುವ ಶಸ್ತ್ರಚಿಕಿತ್ಸೆ ಸೆಪ್ಟೊಪ್ಲಾಸ್ಟಿ, ಅದರಿಂದ ಸಾಮಾನ್ಯವಾಗಿ ಮೂಗಿನ ಹೊರ ಆಕಾರ ಬದಲಾಗುವುದಿಲ್ಲ. ಆಕಾರ ತಿದ್ದುವುದು ರೈನೋಪ್ಲಾಸ್ಟಿ. ಹೆಸರು ಎರಡಾದರೂ ಗೋಡೆ ಒಂದೇ ಕಣೋ. ಮೂಗಿನ ಮಾಡನ್ನು ಹೊತ್ತು ನಿಂತಿರುವ ಕಂಬವೂ ಅದೇ. ಪೆಟ್ಟು ಬಿದ್ದು ಅದರ ಮುಂಭಾಗ ಸೊಟ್ಟಗಾದರೆ ಹೊರಗಿನ ಮೂಗೂ ಅದರ ಜೊತೆ ವಾಲುತ್ತದೆ. ಆಗ ಒಳಗಿನದನ್ನು ಮಾತ್ರ ನೇರ ಮಾಡಿ ಹೊರಗಿನದನ್ನು ಹಾಗೇ ಬಿಟ್ಟರೆ ಉಸಿರೂ ಪೂರ್ತಿ ಸಲೀಸಾಗದೆ ಉಳಿಯಬಹುದು. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡುತ್ತಾರೆ, ಸೆಪ್ಟೊರೈನೋಪ್ಲಾಸ್ಟಿ ಅಂತ. ನನಗೆ ಮಾಡಿದ್ದು ಅದು.

ಇದರ ಇನ್ನೊಂದು ಮುಖ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಚಂದಕ್ಕೆಂದು ಮಾಡಿದ ಆಪರೇಷನ್ ಉಸಿರನ್ನು ಕೆಡಿಸಬಲ್ಲದು. ಹೊಳ್ಳೆಯಿಂದ ತುಸು ಮೇಲೆ, ನಡುಗೋಡೆಗೂ ಪಕ್ಕದ ಮೆದು ಎಲುಬಿಗೂ ನಡುವೆ ಒಂದು ಸಂದು ಇದೆ. ಅದರ ಕೋನ ಬರೀ 10ರಿಂದ 15 ಡಿಗ್ರಿ. ಮೂಗಿನ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಅದೇ, ಒಳಗಿನ ವಾಲ್ವ್ ಅನ್ನುತ್ತಾರೆ. ನಿನ್ನ ಮೂಗಿನ ಮೇಲಿರುವಂಥ ಉಬ್ಬನ್ನು ತೆಗೆಯುವಾಗ ಮಾಡಿನ ಒಂದು ಭಾಗವನ್ನೇ ತೆಗೆದ ಹಾಗೆ, ಪಕ್ಕದ ಮೆದು ಎಲುಬುಗಳು ಒಳಕ್ಕೆ ಕುಸಿದು ಆ ಸಂದು ಇನ್ನಷ್ಟು ಇಕ್ಕಟ್ಟಾಗಬಹುದು. ಕನ್ನಡಿಯಲ್ಲಿ ಮೂಗು ನೇರ, ಎದೆಗೆ ಗಾಳಿ ಸಾಲದು. ಹಾಗಾಗದಿರಲೆಂದು ನಡುಗೋಡೆಯ ಎರಡೂ ಬದಿಗೆ ಮೆದು ಎಲುಬಿನ ತೆಳು ಪಟ್ಟಿ ಇಟ್ಟು ಹೊಲಿಯುತ್ತಾರೆ, ಸ್ಪ್ರೆಡರ್ ಗ್ರಾಫ್ಟ್ ಅಂತ. ಆ ಪಟ್ಟಿಯನ್ನು ಸಾಮಾನ್ಯವಾಗಿ ನಮ್ಮದೇ ನಡುಗೋಡೆಯಿಂದ ತೆಗೆಯುತ್ತಾರೆ, ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ. ‘ಉಬ್ಬು ತೆಗೆದ ಮೇಲೆ ವಾಲ್ವ್‌ಗೆ ಆಧಾರ ಏನು ಕೊಡ್ತೀರಿ?’ ಅಂತ ನೀನು ಕೇಳಲೇಬೇಕು. ಇದಕ್ಕೆ ಬಿಡಿಸಿ ಉತ್ತರ ಕೊಡದವರ ಕೈಗೆ ಮೂಗು ಕೊಡಬೇಡ.

ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ವಿಧಾನ ಇದೆಯಲ್ಲ. ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎತ್ತಿ ಕೂರಿಸುವುದು. ಅಲ್ಲಿ ನನ್ನ ಮನಸ್ಸು ನಿಂತದ್ದು ಆಮೇಲಿನ ಹೆಜ್ಜೆಯ ಮೇಲೆ: ಹೊಳ್ಳೆಗಳಲ್ಲಿ ಎರಡು ಕೊಳವೆ ಇಡಬೇಕಂತೆ. ಅಷ್ಟು ಹಿಂದೆಯೇ ಮೂಗಿಗೆ ರೂಪ ಕೊಡುವವರು ಗಾಳಿಯ ದಾರಿಯನ್ನು ಮರೆತಿರಲಿಲ್ಲ!

ಇನ್ನು ನಿನ್ನ ಫೋಟೊಗಳ ವಿಷಯ. ಎರಡೂ ಸೆಲ್ಫಿ. ಮುಖದಿಂದ ಸುಮಾರು 12 ಇಂಚು ದೂರದಲ್ಲಿ ತೆಗೆದ ಫೋಟೊದಲ್ಲಿ, ಐದು ಅಡಿ ದೂರದಿಂದ ತೆಗೆದದ್ದಕ್ಕಿಂತ ಮೂಗು ಹೆಚ್ಚುಕಮ್ಮಿ ಶೇಕಡ 30ರಷ್ಟು ಅಗಲ ಕಾಣುತ್ತದೆ ಅಂತ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ನಿನ್ನ ಮೂಗು ವಾಲಿದೆ, ನಿಜ. ಆದರೆ ನೀನು ಗೆರೆ ಎಳೆದ ಆ ದೊಡ್ಡ ಮೂಗು ನಿನ್ನದಲ್ಲ, ಕ್ಯಾಮೆರಾದ್ದು.

ಉಸಿರು ಕಟ್ಟುವುದಕ್ಕೆಲ್ಲ ಗೋಡೆಯೇ ಕಾರಣ ಅಂತಲೂ ಅಂದುಕೊಳ್ಳಬೇಡ. ಮೂಗಿನ ಪಕ್ಕದ ಗೋಡೆಗಳಲ್ಲಿ ಟರ್ಬಿನೇಟ್ ಅಂತ ಮೆತ್ತನೆಯ ಮಡಿಕೆಗಳಿವೆ, ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಅವುಗಳ ಕೆಲಸ. ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆಯವು ಊದಿ ಇನ್ನೊಂದು ಕಡೆಯವು ಇಳಿಯುವುದು ಸಹಜ. ಹಾಗಾಗಿ ಹೊಳ್ಳೆ ಸರದಿಯಂತೆ ಕಟ್ಟುತ್ತಿದ್ದರೆ ಅದೊಂದನ್ನೇ ರೋಗ ಅನ್ನಲಾಗದು, ನನ್ನ ಹಾಗೆ ಯಾವಾಗಲೂ ಒಂದೇ ಕಡೆ ಕಟ್ಟಿದ್ದರೆ ಮಾತು ಬೇರೆ. ಅಲರ್ಜಿಯಿಂದ ಮಡಿಕೆಗಳು ಊದಿಕೊಂಡಿದ್ದರೆ ಮೊದಲು ಸ್ಪ್ರೇ, ಔಷಧಿ. ಆಪರೇಷನ್ ಅಲರ್ಜಿಯನ್ನು ವಾಸಿ ಮಾಡುವುದಿಲ್ಲ. ಕನ್ನಡಿ ಮುಂದೆ ನಿಂತು ಕೆನ್ನೆಯನ್ನು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು ಉಸಿರೆಳೆದು ನೋಡು. ಥಟ್ಟನೆ ಸಲೀಸಾದರೆ ವಾಲ್ವ್ ಕಡೆ ತೊಂದರೆ ಇರಬಹುದು. ಅದು ಬರೀ ಸುಳಿವು, ನಿರ್ಧಾರ ಆಗಬೇಕಾದದ್ದು ಡಾಕ್ಟರು ಒಳಗೆ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ, ಇಟ್ಟು ನೋಡಿದ ಮೇಲೆ.

ನೋವು ಹೇಗಿತ್ತು ಅಂತ ಕೇಳಿದ್ದೀಯ. ನೋವಿಗಿಂತ ಕಟ್ಟಿದ ಮೂಗೇ ಹೆಚ್ಚು ಕಾಡಿತು. ಪೂರ್ತಿ ಅರಿವಳಿಕೆ ಕೊಟ್ಟಿದ್ದರು, ಆಪರೇಷನ್ ಹೊತ್ತಿನ ನೆನಪೇ ಇಲ್ಲ. ಎಲುಬನ್ನು ಸರಿಸಿ ಕೂರಿಸಿದ್ದರಿಂದ ಎರಡೂ ಕಣ್ಣ ಸುತ್ತ ನೀಲಿಗಟ್ಟಿ ಎರಡು ವಾರ ಉಳಿಯಿತು. ಮೂಗಿನ ಮೇಲೆ ಒಂದು ವಾರ ಸ್ಪ್ಲಿಂಟ್, ಅಂದರೆ ಅಲುಗದ ಹಾಗೆ ಹಿಡಿದಿಡುವ ಗಟ್ಟಿ ಪಟ್ಟಿ. ಜೋರಾಗಿ ಊದಿ ಸಿಂಬಳ ತೆಗೆಯುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ತಲೆ ಎತ್ತರಿಸಿಕೊಂಡೇ ಮಲಗಬೇಕು. ಕನ್ನಡಕವನ್ನು ಕೆಲವು ವಾರ ಮೂಗಿನ ಮೇಲೆ ಊರುವಂತಿಲ್ಲ, ನೀನು ಕನ್ನಡಕದವನು, ಇದನ್ನು ಮೊದಲೇ ಮಾತಾಡಿಕೋ. ಸಿಗರೇಟು ಆಪರೇಷನ್‌ಗೆ ವಾರಗಟ್ಟಲೆ ಮುಂಚೆಯೇ ನಿಲ್ಲಬೇಕು. ಗಾಯ ಮಾಯುವುದಕ್ಕೆ ಬೇಕಾದ ರಕ್ತದ ಹರಿವನ್ನೇ ಅದು ಕಡಿಮೆ ಮಾಡುತ್ತದೆ.

ಸ್ಪ್ಲಿಂಟ್ ತೆಗೆದ ದಿನ ಕನ್ನಡಿ ನೋಡಿ ಎದೆ ಧಸಕ್ಕೆಂದಿತು. ಊದಿಕೊಂಡ, ಯಾರದೋ ಮೂಗು. ಒಳಗೂ ಊತ, ಹೆಪ್ಪುಗಟ್ಟಿದ ರಕ್ತ, ಉಸಿರು ಮೊದಲಿಗಿಂತ ಕಷ್ಟ. ಆ ವಾರ ನಾನು ಮಾಡಿದ್ದು ತಪ್ಪು ಅಂತಲೇ ನಂಬಿದ್ದೆ. ಐದನೇ ವಾರದಲ್ಲಿ ಒಂದು ಬೆಳಗಿನ ಜಾವ ಎಚ್ಚರವಾದಾಗ ಬಾಯಿ ಮುಚ್ಚಿತ್ತು. ಗಂಟಲು ಒಣಗಿರಲಿಲ್ಲ. ಎಡಗಡೆಯಿಂದ ತಣ್ಣಗೆ ಗಾಳಿ ಒಳಗೆ ಹೋಗುತ್ತಿರುವುದು ತಿಳಿಯುತ್ತಿತ್ತು. ಹಾಗೇ ಮಲಗಿಕೊಂಡು ಉಸಿರನ್ನು ಎಣಿಸಿದೆ, ಎಷ್ಟು ಹೊತ್ತೋ. ಆಕಾರ ಮಾತ್ರ ಅಷ್ಟು ಬೇಗ ಕೈಗೆ ಸಿಗಲಿಲ್ಲ. ಮೂಗಿನ ತುದಿಯ ಊತ ಪೂರ್ತಿ ಇಳಿಯುವುದಕ್ಕೆ ಒಂದು ವರ್ಷ ಹಿಡಿಯುತ್ತದೆ, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು. ತುದಿಯಲ್ಲಿ ಜೋಮು ಹಿಡಿದಂತೆ ನನಗೆ ತಿಂಗಳುಗಟ್ಟಲೆ ಇತ್ತು.

ಕೆಡುವ ಸಾಧ್ಯತೆಯನ್ನೂ ಮುಚ್ಚಿಡಲಾರೆ. ರಕ್ತಸ್ರಾವ, ಸೋಂಕು, ನಡುಗೋಡೆಯಲ್ಲಿ ತೂತು, ಅಂದುಕೊಂಡ ಆಕಾರ ಬಾರದಿರುವುದು, ಇವೆಲ್ಲ ಆಗುವುದುಂಟು. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ, ಅದಕ್ಕೂ ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು. ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ’ ಅಂತಾರಲ್ಲ, ಬೇಸರದಲ್ಲಿ ಕೊಯ್ಸಿಕೊಂಡದ್ದೂ ಹಾಗೇ. ಯಾರೋ ಆಡಿದ ಮಾತಿಗೆ ನೊಂದು ಹೊರಡುವುದಾದರೆ ಆರು ತಿಂಗಳು ತಡಿ. ದಿನದ ಗಂಟೆಗಳೆಲ್ಲ ಮೂಗಿನ ಯೋಚನೆಯಲ್ಲೇ ಕಳೆಯುತ್ತಿದ್ದರೆ ಅದನ್ನೂ ಹೇಳು. ಅಂಥ ಸಂಕಟ ಮೂಗು ತಿದ್ದಿದರೂ ಇಳಿಯದೆ ಇರಬಹುದು, ಮೊದಲು ಮನಸ್ಸಿನ ಡಾಕ್ಟರನ್ನು ನೋಡಿ ಅನ್ನುವ ಸರ್ಜನ್ ನಿನ್ನ ಒಳ್ಳೆಯದಕ್ಕೇ ಹಾಗೆ ಅನ್ನುತ್ತಾರೆ.

ನಿನ್ನ ವಿಷಯದಲ್ಲಿ ನನಗೆ ಅಷ್ಟು ಭಯವಿಲ್ಲ. ಭಯ ಇರುವುದು ನೀನು ಅರ್ಧ ಹೇಳಿ ಎದ್ದು ಬರುತ್ತೀಯ ಅಂತ. ಹೊರಗಿನ ಮೂಗು ನೇರವಾಗಲಿ ಅನ್ನಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಸೆಲ್ಫಿ ಬೇಡ, ಯಾರ ಕೈಲಾದರೂ ಐದು ಅಡಿ ದೂರದಿಂದ ಎದುರಿಗೊಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆಸಿಕೊಂಡು ಹೋಗು. ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸುವ ಮೂಗು ಮಾತಿಗೊಂದು ಆಧಾರ ಅಷ್ಟೇ, ಅದೇ ಬರುತ್ತದೆ ಅಂತ ಹಿಡಿದು ಕೂರಬೇಡ. ಮಂಗಳವಾರ ಡಾಕ್ಟರು ನಿನ್ನನ್ನು ಒಳಗೆ ಕರೆಯುವ ಮುಂಚೆ ಫೋನ್ ಮಾಡು, ಹೊರಗೆ ಬಂದ ಮೇಲೂ ಮಾಡು.

ನಿನ್ನವನೇ