ಕೆಲಸ ಬಿಡಬೇಡ, ಓದು ಶುರು ಮಾಡು

ವಿಜಯನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಕೆಲಸ ಬಿಟ್ಟು ಯುವಜನ ಅಭಿವೃದ್ಧಿ ಓದಲಾ ಅಂತ ಕೇಳಿದ್ದೀಯಲ್ಲ, ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹರೆಯದವರು ಚೆನ್ನಾಗಿ ಬೆಳೆಯಲು ಹೇಗೆ ನೆರವಾಗಬೇಕು ಅಂತ ಕಲಿಸುವ ಅಂಥ ಆನ್‌ಲೈನ್ ಕೋರ್ಸಿಗೆ ಖಂಡಿತ ಸೇರು. ಆದರೆ ಅದಕ್ಕೋಸ್ಕರ ಕೆಲಸ ಬಿಡಬೇಡ. ಶನಿವಾರ ಕಟ್ಟಡ ಕಾರ್ಮಿಕರ ಶೆಡ್‌ಗಳಿಗೆ ಹೋಗಿ ನೀನು ಪಾಠ ಹೇಳಿಕೊಡುವ ಮಕ್ಕಳನ್ನಂತೂ ಬಿಡಲೇಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೊರಟರೆ ಅಷ್ಟರಲ್ಲಿ ನಿನಗೆ ಮೀಟಿಂಗ್, ನನಗೆ ನಾನು ನೋಡಿಕೊಳ್ಳುವ ಹುಡುಗಿಯರ ಹಾಸ್ಟೆಲಿನ ಗೇಟಿನ ಬೆಲ್. ಅದಕ್ಕೇ ಬರೆಯುತ್ತಿದ್ದೇನೆ.

"ಮಕ್ಕಳ ಮೇಲೆ ಪ್ರೀತಿ ಇದ್ದರೆ ಸಾಲದಾ, ಅದಕ್ಕೂ ಡಿಗ್ರಿ ಬೇಕಾ?" ಅಂತ ನಿನ್ನ ಚಿಕ್ಕಪ್ಪ ಕೇಳಿದರಂತಲ್ಲ. ಸಾಲದು ಕಂದ. ನೀನು ಹೋಗುವ ಶೆಡ್‌ಗಳ ಮಕ್ಕಳು ಯಾದಗಿರಿ, ರಾಯಚೂರು ಕಡೆಯಿಂದ ಅಪ್ಪ ಅಮ್ಮನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ಅವರಿಗೆ ಲೆಕ್ಕ, ಇಂಗ್ಲಿಷ್ ಹೇಳಿಕೊಡಲು ಪ್ರೀತಿ, ತಾಳ್ಮೆ ಸಾಕಾಗಬಹುದು. ಆದರೆ ಹದಿನಾರರ ಹುಡುಗ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ ಏನು ಮಾಡುತ್ತೀಯ? ಚೆನ್ನಾಗಿ ನಗುತ್ತಿದ್ದ ಹುಡುಗಿ ಮೂಲೆ ಹಿಡಿದು ಕೂತರೆ? ಅಲ್ಲಿ ತಿಳಿವಳಿಕೆ ಬೇಕು. ನನ್ನ ಹಾಸ್ಟೆಲಿನಲ್ಲಿ ದಿನಾ ಇದೇ ಕಾಣುತ್ತದೆ. ಈ ವಯಸ್ಸಿನಲ್ಲಿ ನಾನು ರಾತ್ರಿ ಕೂತು ಇದೇ ವಿಷಯ ಓದುತ್ತಿರುವುದೂ ಅದಕ್ಕೇ.

ನನಗೆ ಈ ಓದಿನಲ್ಲಿ ಮೊದಲು ಹಿಡಿಸಿದ್ದು ಅದು ಮಕ್ಕಳನ್ನು ನೋಡುವ ರೀತಿ. ನಮ್ಮಲ್ಲಿ ಹರೆಯದವರ ಮಾತು ಬಂದರೆ ಸಾಕು, ಮೊಬೈಲ್, ಲವ್ವು, ಕುಡಿತ, ಫೇಲು ಅಂತ ಬರೀ ತೊಂದರೆಗಳ ಪಟ್ಟಿ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಸರ್ಚ್ ಇನ್‌ಸ್ಟಿಟ್ಯೂಟ್ ಅಂತ ಇದೆ. ಅವರು ಪ್ರಶ್ನೆಯನ್ನೇ ತಿರುಗಿಸಿದರು. ಒಂದು ಮಗು ಚೆನ್ನಾಗಿ ಬೆಳೆಯಲು ಅದರ ಸುತ್ತ ಏನಿರಬೇಕು, ಅದರ ಒಳಗೆ ಏನು ಬೆಳೆಯಬೇಕು ಅಂತ 40 ಅಂಶಗಳ ಪಟ್ಟಿ ಮಾಡಿದರು. ಇಪ್ಪತ್ತು ಹೊರಗಿನವು, ಇಪ್ಪತ್ತು ಒಳಗಿನವು. ಮನೆಯವರ ಬೆಂಬಲ, ಸುರಕ್ಷಿತ ಅನ್ನಿಸುವ ಜಾಗ, ಖುಷಿಗಾಗಿ ಓದುವ ಅಭ್ಯಾಸ, ನನ್ನ ಬದುಕಿಗೆ ಒಂದು ಗುರಿ ಇದೆ ಅನ್ನುವ ನಂಬಿಕೆ, ಇಂಥವು. ಅದರಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಪ್ಪ ಅಮ್ಮ ಬಿಟ್ಟು ಕನಿಷ್ಠ ಮೂವರು ದೊಡ್ಡವರ ಆಸರೆ ಆ ಮಗುವಿಗೆ ಇರಬೇಕಂತೆ. ನಿನ್ನ ಶೆಡ್ಡಿನ ಮಕ್ಕಳಿಗೆ ಎಷ್ಟು ಜನ ಇದ್ದಾರೆ, ಒಮ್ಮೆ ಎಣಿಸಿ ನೋಡು. ಊರಲ್ಲಿದ್ದಿದ್ದರೆ ಸೋದರಮಾವ, ದೊಡ್ಡಮ್ಮ, ಪಕ್ಕದ ಮನೆಯ ಅಜ್ಜಿ ಇರುತ್ತಿದ್ದರು. ಇಲ್ಲಿ ಮೇಸ್ತ್ರಿ, ಸೆಕ್ಯೂರಿಟಿಯವರು, ಆಮೇಲೆ ನೀನು.

ಇದು ಬರೀ ಮಾತಲ್ಲ. ಎಮ್ಮಿ ವೆರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯಲ್ಲಿ ಜಗಳ, ಹೆತ್ತವರ ಕುಡಿತ, ಇಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಗಟ್ಟಿಯಾಗಿ ನಿಂತರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ವಿಷಯ, ಅವರ ಕೈಬಿಡದ ಒಬ್ಬ ದೊಡ್ಡವರು ಇದ್ದದ್ದು. ಅಜ್ಜಿಯೋ, ಟೀಚರೋ, ನೆರೆಯವರೋ. ಓದುವಾಗ ನನಗೆ ಕಣ್ಣು ತುಂಬಿ ಬಂತು. ನೀನು ವಾರಕ್ಕೊಮ್ಮೆ ತಪ್ಪದೆ ಹೋಗುವುದಕ್ಕೆ ಎಷ್ಟು ಬೆಲೆ ಇದೆ ಅಂತ ನಿನಗೇ ಗೊತ್ತಿಲ್ಲ.

ಹಾಗಂತ ಅಲ್ಲಿಯದನ್ನೆಲ್ಲ ಹಾಗೇ ಒಪ್ಪಬೇಡ. ಅಮೆರಿಕದ ರಿಚರ್ಡ್ ಲರ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಐದು ಗುಣಗಳ ಲೆಕ್ಕ ಹೇಳುತ್ತಾರೆ. ಸಾಮರ್ಥ್ಯ, ಆತ್ಮವಿಶ್ವಾಸ, ಒಡನಾಟ, ನಡತೆ, ಕಾಳಜಿ. ಇವು ಬೆಳೆದರೆ ಆರನೆಯದಾಗಿ ಸಮಾಜಕ್ಕೆ ಕೊಡುವ ಮನಸ್ಸು ಬರುತ್ತದೆ ಅನ್ನುತ್ತಾರೆ. 2002ರಿಂದ ಅಮೆರಿಕದ 42 ರಾಜ್ಯಗಳ ಸುಮಾರು 7,000 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನ ಅದು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕ್ಲಬ್ ಇದೆ, ಆಟ ಇದೆ. ನನ್ನ ಹಾಸ್ಟೆಲಿನ ಒಬ್ಬಳು ಬಿ.ಕಾಂ. ಹುಡುಗಿ ಸಂಜೆ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿದು ತಮ್ಮನ ಫೀಸು ಕಟ್ಟುತ್ತಾಳೆ. ಅವಳು ಕೊಡುವುದನ್ನು ಹನ್ನೆರಡನೇ ವಯಸ್ಸಿಗೇ ಶುರು ಮಾಡಿದ್ದಾಳೆ. ಅವಳಿಗೆ ಬೇಕಾಗಿರುವುದು ಸ್ವಲ್ಪ ತನ್ನದೇ ಆದ ಸಮಯ. ನಮ್ಮ ಮಕ್ಕಳ ವಿಷಯದಲ್ಲಿ ಆ ಐದು, ಆರನೆಯದರ ಸಾಲೇ ಉಲ್ಟಾ ಆಗುತ್ತದೆ ಅಂತ ನಾನು ಅಸೈನ್‌ಮೆಂಟಿನಲ್ಲಿ ಬರೆದೆ. ನೀನೂ ಹಾಗೆ ಬರಿ, ಧೈರ್ಯವಾಗಿ. ಎದುರಿಗೆ ಮಕ್ಕಳಿದ್ದರೆ ಮಾತ್ರ ಹಾಗೆ ಬರೆಯಲು ಆಗುತ್ತದೆ. ನಿನ್ನ ಶನಿವಾರ ಬಿಡಬೇಡ ಅಂದದ್ದು ಇದಕ್ಕೇ.

ಇನ್ನೊಂದು ಪಾಠ ನಮ್ಮ ಅಡುಗೆಮನೆಯವರೆಗೂ ಬಂತು. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ಇದೆ. ಮಕ್ಕಳು ನಿಜವಾಗಿ ಎಷ್ಟರ ಮಟ್ಟಿಗೆ ಪಾಲ್ಗೊಳ್ಳುತ್ತಾರೆ ಅಂತ ಅಳೆಯಲು. ಕೆಳಗಿನ ಮೂರು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ ಅನ್ನುತ್ತಾರೆ ಅವರು. ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಒಬ್ಬರನ್ನು ಕೂರಿಸುವುದು. ನಮ್ಮಲ್ಲಿ ಆಹಾರ ಸಮಿತಿ ಅಂತ ಹಿಂದಿನಿಂದಲೂ ಇದೆ. ಇಬ್ಬರು ಹುಡುಗಿಯರು ತಿಂಗಳಿಗೊಮ್ಮೆ ರಿಜಿಸ್ಟರಿಗೆ ಸಹಿ ಹಾಕಿದರೆ ಮುಗಿಯಿತು. ಅದು ಏಣಿಯ ಎಷ್ಟನೇ ಮೆಟ್ಟಿಲು ಅಂತ ನೀನೇ ಹೇಳು. ಆ ವಾರವೇ ದಿನಸಿ ಬಿಲ್ಲನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದೆ. ಇಷ್ಟು ದುಡ್ಡು, ಇಷ್ಟು ಜನ, ಮುಂದಿನ ತಿಂಗಳ ಊಟ ನೀವೇ ಗೊತ್ತು ಮಾಡಿ ಅಂದೆ.

ಮೊದಲ ಸಭೆ ಪೂರ್ತಿ ಜಗಳ. ಬೀದರ್, ವಿಜಯಪುರದವರಿಗೆ ಜೋಳದ ರೊಟ್ಟಿ ಬೇಕು. ಮಂಡ್ಯ, ತುಮಕೂರಿನವರಿಗೆ ಮುದ್ದೆ. ಉಡುಪಿಯ ಹುಡುಗಿಗೆ ಕುಚ್ಚಲಕ್ಕಿ. ಅಷ್ಟು ಜನಕ್ಕೆ ರೊಟ್ಟಿ ತಟ್ಟಲು ನನ್ನ ಕೈಲಾಗಲ್ಲ ಅಂತ ಅಡುಗೆಯಮ್ಮ ಎದ್ದೇ ಹೋದರು. ಆಗ ಮಾತೇ ಆಡದ ಒಬ್ಬಳು ಪುಸ್ತಕ ತೆಗೆದು ಜೋಳದ ಹಿಟ್ಟಿಗೆಷ್ಟು, ಗ್ಯಾಸಿಗೆಷ್ಟು, ಒಬ್ಬೊಬ್ಬರಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಓದಿದಳು. ಎಲ್ಲರೂ ಸುಮ್ಮನಾದರು. ಭಾನುವಾರ ರೊಟ್ಟಿ, ಸರದಿಯ ಮೇಲೆ ಹುಡುಗಿಯರೇ ತಟ್ಟುವುದು. ಬುಧವಾರ ಮುದ್ದೆ, ಬಸ್ಸಾರು. ಉಳಿದ ದುಡ್ಡಿನಲ್ಲಿ ಸಂಜೆ ಬಾಳೆಹಣ್ಣು. ಈಗ ತಟ್ಟೆಯಲ್ಲಿ ಅನ್ನ ಬಿಡುವವರು ಕಡಿಮೆಯಾಗಿದ್ದಾರೆ. ಆ ಹುಡುಗಿಯೇ ಈಗ ಸಮಿತಿಯ ಲೆಕ್ಕ ನೋಡುತ್ತಾಳೆ. ರಾತ್ರಿ ಗೇಟ್ ಹಾಕುವ ಸಮಯದ ಬಗ್ಗೆಯೂ ಹುಡುಗಿಯರು ಪತ್ರ ಬರೆದು ಆಡಳಿತ ಮಂಡಳಿಗೆ ಕೊಟ್ಟಿದ್ದಾರೆ. ಅದು ಇನ್ನೂ ಬಗೆಹರಿದಿಲ್ಲ. ಒಪ್ಪುವ ತನಕ ನಾನು ಅವರ ಪರವಾಗಿ ಕೇಳುತ್ತಲೇ ಇರುತ್ತೇನೆ.

ಇದನ್ನೆಲ್ಲ ಹೊರದೇಶದವರಿಂದಲೇ ಕಲಿಯಬೇಕು ಅಂದುಕೊಳ್ಳಬೇಡ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಯ ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬಗ್ಗೆ ಮಕ್ಕಳು ಎದ್ದು ನಿಂತು ಅಧ್ಯಕ್ಷರನ್ನೇ ಕೇಳುತ್ತಾರೆ. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿಕೊಂಡದ್ದೂ ಕರ್ನಾಟಕದಲ್ಲೇ. ಸರ್ಕಾರದ ಯುವ ಸ್ಪಂದನ ಯೋಜನೆಯನ್ನು ನಿಮ್ಹಾನ್ಸ್ ಜೊತೆಗೂಡಿ ರೂಪಿಸಿದ್ದಾರೆ. ಅಲ್ಲಿ ಯುವಕರೇ ಯುವಕರಿಗೆ ದಾರಿ ತೋರಿಸುತ್ತಾರೆ. ರಜೆ ಹಾಕಿಯಾದರೂ ಒಂದು ದಿನ ಅವರ ಕೇಂದ್ರಕ್ಕೆ ಹೋಗಿ ಮಾತಾಡಿಸಿ ಬಾ.

ಈಗ ಕೋರ್ಸು ಆರಿಸುವ ವಿಷಯ. ಇಲ್ಲಿಯ ವಿಶ್ವವಿದ್ಯಾಲಯವಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಅದರ ಹೆಸರೂ ಆ ಕೋರ್ಸಿನ ಹೆಸರೂ ಇದೆಯಾ ನೋಡು. ಪಟ್ಟಿಯಲ್ಲಿದ್ದರೆ ಆನ್‌ಲೈನ್ ಪದವಿಗೂ ಕ್ಲಾಸಿನಲ್ಲಿ ಕೂತು ಪಡೆದ ಪದವಿಗೂ ಸಮಾನ ಬೆಲೆ. ಹೊರದೇಶದ್ದಾದರೆ ದುಡ್ಡು ಕಟ್ಟುವ ಮೊದಲೇ ಇಲ್ಲಿ ಮಾನ್ಯತೆ ಸಿಗುತ್ತದಾ ಅಂತ ಬರಹದಲ್ಲಿ ಉತ್ತರ ತರಿಸಿಕೋ. ಅಮೆರಿಕದಲ್ಲಿ ಕಾನ್ಸಾಸ್ ಸ್ಟೇಟ್, ನೆಬ್ರಾಸ್ಕಾದಂಥ ವಿಶ್ವವಿದ್ಯಾಲಯಗಳು ಗ್ರೇಟ್ ಪ್ಲೇನ್ಸ್ ಐಡಿಯಾ ಅನ್ನುವ ಒಕ್ಕೂಟ ಮಾಡಿಕೊಂಡು, ಕೆಲಸದಲ್ಲಿರುವವರಿಗಾಗಿಯೇ ಈ ವಿಷಯವನ್ನು ಆನ್‌ಲೈನಿನಲ್ಲಿ ಕಲಿಸುತ್ತವೆ. ಪದ್ಧತಿ ಚೆನ್ನಾಗಿದೆ. ಆದರೆ ಅಂಥ ಕಡೆ ಲೈವ್ ಕ್ಲಾಸಿದ್ದರೆ ಅವರ ಸಂಜೆ ಏಳು ನಮಗೆ ಮುಂಜಾನೆ ಐದೂವರೆಯೋ ಆರೂವರೆಯೋ ಆಗುತ್ತದೆ. ನೀನು ಏಳುವವಳಾ, ಯೋಚನೆ ಮಾಡು.

ದೊಡ್ಡ ಫೀಸು ಕಟ್ಟುವ ಮುಂಚೆ ಸ್ವಯಂ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯ ತೆಗೆದುಕೋ. 2017ರಿಂದ ಕೇಂದ್ರ ಸರ್ಕಾರವೇ ನಡೆಸುತ್ತಿದೆ. ಪಾಠ ಉಚಿತ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಫೀಸು. ಆಫೀಸಿನ ಜೊತೆಗೆ ವಾರಕ್ಕೆ ಎಷ್ಟು ಓದಲು ಆಗುತ್ತದೆ ಅನ್ನುವುದು ಅದರಲ್ಲೇ ತಿಳಿಯುತ್ತದೆ. ಆಮೇಲೂ ಒಂದು ಸೆಮಿಸ್ಟರಿಗೆ ಒಂದೋ ಎರಡೋ ವಿಷಯ ಸಾಕು. ಕಾಡುಗೋಡಿಯಿಂದ ವಿಜಯನಗರಕ್ಕೆ ಮೆಟ್ರೋದಲ್ಲಿ ಕೂತರೆ ಒಂದು ಪಾಠ ಆರಾಮಾಗಿ ಓದಬಹುದು. ರಾತ್ರಿ ಹನ್ನೊಂದರ ಮೇಲೆ ಮಾತ್ರ ಬೇಡ, ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಕೆಲಸ ಬಿಡಬೇಡ ಅನ್ನುವುದಕ್ಕೆ ದುಡ್ಡೂ ಒಂದು ಕಾರಣ. ಈ ಕ್ಷೇತ್ರದ ಎಷ್ಟೋ ಸಂಸ್ಥೆಗಳು ನಿನ್ನ ಈಗಿನ ಸಂಬಳದ ಅರ್ಧವನ್ನೂ ಕೊಡಲಾರವು. ಸಾಲ ಮಾಡಿ ಓದಿದರೆ ಆಮೇಲೆ ಮನಸ್ಸಿಗೆ ಬಂದ ಕಡೆ ಸೇರುವ ಸ್ವಾತಂತ್ರ್ಯ ಇರುವುದಿಲ್ಲ. ಈಗಿನ ಸಂಬಳದಲ್ಲಿ ಫೀಸು ಕಟ್ಟು, ಸ್ವಲ್ಪ ಉಳಿಸು. ಓದು ಮುಗಿದಾಗ ನೀನು ಬಯಸಿದ ಕೆಲಸವನ್ನು ಕಡಿಮೆ ಸಂಬಳಕ್ಕೂ ಒಪ್ಪಿಕೊಳ್ಳಬಹುದು. ಆಗ ನಾನೂ ನಿನ್ನ ಜೊತೆ ಇರುತ್ತೇನೆ.

ಒಂದು ವಿಷಯ ಮಾತ್ರ ಕೋರ್ಸಿಗಾಗಿ ಕಾಯುವಂಥದ್ದಲ್ಲ, ಈ ಶನಿವಾರದಿಂದಲೇ ಬೇಕು. ನಮ್ಮ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನ ಅನ್ನುತ್ತದೆ. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅಂದರೆ ನಿನ್ನ ಮುಂದೆ ಕೂತ ಹದಿನೇಳರ ಹುಡುಗಿ ಎರಡೂ ಹೌದು. ಅವಳು "ಅಕ್ಕಾ, ಯಾರಿಗೂ ಹೇಳಬೇಡಿ" ಅಂತ ಶುರು ಮಾಡಿದರೆ, ಹೇಳಲ್ಲ ಅಂತ ಮಾತು ಕೊಡಬೇಡ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾಯ್ದೆ ಹೇಳುತ್ತದೆ. "ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ" ಅನ್ನು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡನ್ನೂ ಫೋನಿನಲ್ಲಿ ಹಾಕಿಕೋ, ಮಕ್ಕಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೂ ಬರೆಸು. ನಿನ್ನ ಜೊತೆ ಬರುವ ಗೆಳತಿಯರಿಗೂ ಹೇಳು.

ಭಾನುವಾರ ಬರುವಾಗ ನೀನು ನೋಡಿರುವ ಕೋರ್ಸುಗಳ ಸಿಲಬಸ್ ತಗೊಂಡು ಬಾ. ಫೀಲ್ಡ್‌ವರ್ಕ್ ಎಷ್ಟು ಗಂಟೆ, ನಿನ್ನ ಶನಿವಾರದ ಕೆಲಸವನ್ನೇ ಅದಕ್ಕೆ ಲೆಕ್ಕ ಹಿಡಿಯುತ್ತಾರಾ ಅಂತ ಕೇಳಿಕೊಂಡು ಬಾ. ಹಿಡಿಯುವುದಿಲ್ಲ ಅನ್ನುವ ಕೋರ್ಸು ನಮಗೆ ಬೇಡ. ಹನ್ನೊಂದಕ್ಕೆ ಮುಂಚೆ ಬಂದರೆ ಹುಡುಗಿಯರ ಜೊತೆ ನೀನೂ ರೊಟ್ಟಿ ತಟ್ಟಬಹುದು. ನಿನ್ನ ಮಕ್ಕಳ ಬಗ್ಗೆ ಕೇಳಬೇಕು ಅಂತ ಅವರೂ ಕಾಯುತ್ತಿದ್ದಾರೆ.

ನಿನ್ನ
ಅಮ್ಮ