ನಮ್ಮ ಮನೆಯವರ ಕುತ್ತಿಗೆ ಉಳಿಸಿದವರಿಗೆ

ನಮ್ಮ ಮನೆಯವರು ಈ ಸೋಮವಾರದಿಂದ ಠಾಣೆಯ ಹೋಟೆಲಿನಲ್ಲಿ ಮತ್ತೆ ಗಲ್ಲಾದಲ್ಲಿ ಕೂರುತ್ತಿದ್ದಾರೆ. ಡೊಂಬಿವಲಿಯಿಂದ ಹಿಡಿದು ಊರಿನವರೆಗೆ ಎಷ್ಟೋ ಜನ ಫೋನ್ ಮಾಡಿ ವಿಚಾರಿಸಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಹೋಟೆಲಿನ ಅಡುಗೆಮನೆಯ ಹುಡುಗನಿಗೆ. ಕುಂದಾಪುರ ಕಡೆಯವನು. ಸಾಮಾನು ಇಳಿಸಲು ಅಟ್ಟ ಹತ್ತಿದ್ದ ಇವರು ತಲೆಕೆಳಗಾಗಿ ಬಿದ್ದಾಗ, ಎತ್ತಿ ಕೂರಿಸಲು ಎಲ್ಲರೂ ಓಡಿ ಬಂದರಂತೆ. "ಯಾರೂ ಎತ್ತಬೇಡಿ, ಕುತ್ತಿಗೆ ಅಲ್ಲಾಡಬಾರದು" ಎಂದು ಅವನು ಕೂಗಿದ. ನೆಲದ ಮೇಲೆ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದವನು, 108 ಆಂಬುಲೆನ್ಸ್‌ನವರು ಬಂದು ಕುತ್ತಿಗೆ ಅಲ್ಲಾಡದಂತೆ ಹಿಡಿಯುವ ಕಾಲರ್ ಹಾಕುವವರೆಗೂ ಬಿಡಲಿಲ್ಲ. ಹಿಂದೆ ಕೆಲಸಕ್ಕಿದ್ದ ಕಂಪನಿಯಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಟ್ಟಿದ್ದರಂತೆ. ಮೂಳೆ ಮುರಿದಿತ್ತು, ಬೆನ್ನುಹುರಿಗೆ ಮಾತ್ರ ಪೆಟ್ಟಾಗಿರಲಿಲ್ಲ. ಆಗ ಎತ್ತಿ ಕೂರಿಸಿದ್ದರೆ ಕೈಕಾಲು ಸ್ವಾಧೀನ ತಪ್ಪಬಹುದಿತ್ತು, ಉಸಿರೇ ನಿಲ್ಲಬಹುದಿತ್ತು ಎಂದರು ಡಾಕ್ಟರು. ಅವನ ಅಮ್ಮನಿಗೆ ಫೋನ್ ಮಾಡಿ ಇದನ್ನು ಹೇಳಿದ್ದೇನೆ.

ನಮ್ಮ ಸರ್ಜನ್‌ಗೆ ಹೇಗೆ ಕೃತಜ್ಞತೆ ಹೇಳಲಿ? ಪ್ಲಾಸ್ಟಿಕ್ ಮೂಳೆಗಳನ್ನು ನನ್ನ ಕೈಗೇ ಕೊಟ್ಟು ವಿವರಿಸಿದರು. ಕುತ್ತಿಗೆಯಲ್ಲಿ 7 ಮೂಳೆ. ತಲೆ ಎಡಕ್ಕೆ ಬಲಕ್ಕೆ ತಿರುಗುವುದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮೇಲಿನ ಎರಡರ ನಡುವೆಯೇ ಆಗುತ್ತದೆ. ಎರಡನೇ ಮೂಳೆಯಿಂದ ಗೂಟದ ಹಾಗೆ ಮೇಲಕ್ಕೆ ಎದ್ದಿರುವ ಭಾಗ ಇವರಿಗೆ ಮುರಿದು, ಮೊದಲನೆಯದು ಮುಂದಕ್ಕೆ ಜಾರಿತ್ತು. ಆಪರೇಷನ್‌ನಲ್ಲಿ ಈ ಎರಡು ಮೂಳೆಗಳಲ್ಲಿ ಒಂದೊಂದಕ್ಕೂ ಎರಡೆರಡು ಟೈಟಾನಿಯಂ ಸ್ಕ್ರೂ, ಅವುಗಳನ್ನು ಜೋಡಿಸಲು ಎರಡು ಸಣ್ಣ ರಾಡ್. ಸ್ಕ್ರೂ ದಪ್ಪ 3.5 ಮಿಲಿಮೀಟರ್. ಸ್ಕ್ರೂ ಹೋಗುವ ಜಾಗದ ಒಳಗಡೆ ಬೆನ್ನುಹುರಿ, ಹೊರಗಡೆ ಮಿದುಳಿಗೆ ರಕ್ತ ಒಯ್ಯುವ ನಾಳ. ಆ ನಾಳ ಒಬ್ಬೊಬ್ಬರಲ್ಲಿ ಒಂದೊಂದು ಥರ ಹೋಗಿರುತ್ತದೆ. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ದಾರಿ ನೋಡಿಕೊಂಡರು. ಅಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡುವ ಕೈಗಳು ಎಷ್ಟು ಸ್ಥಿರವಾಗಿರಬೇಕು, ಅಲ್ವಾ?

ಈ ಆಪರೇಷನ್‌ಗೆ ದಾರಿ ತೋರಿಸಿದ್ದು ನಮ್ಮ ಮುಂಬಯಿಯೇ ಎಂದು ಆಮೇಲೆ ಗೊತ್ತಾಯಿತು. ಪರೇಲ್‌ನ ಕೆಇಎಂ ಆಸ್ಪತ್ರೆಯ ಡಾ. ಅತುಲ್ ಗೋಯಲ್ ಮತ್ತು ಡಾ. ಲಹೇರಿ 1994ರಲ್ಲಿ ಈ ಎರಡು ಮೂಳೆಗಳನ್ನು ಸ್ಕ್ರೂ ಮತ್ತು ಪ್ಲೇಟ್‌ನಿಂದ ಜೋಡಿಸುವ ವಿಧಾನ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಪ್ಲೇಟ್ ಬದಲು ರಾಡ್ ಬಳಸಿದರು. ಈಗ ಇಬ್ಬರ ಹೆಸರೂ ಸೇರಿಸಿ ಗೋಯಲ್-ಹಾರ್ಮ್ಸ್ ಎನ್ನುತ್ತಾರೆ. ನಮ್ಮ ಆಪರೇಷನ್ ಆದದ್ದು ಬೇರೆ ಆಸ್ಪತ್ರೆಯಲ್ಲಿ. ಆದರೂ ಪರೇಲ್ ಕಡೆ ಹೋದಾಗಲೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಸ್ಕ್ರೂ ಹಿಡಿದಿಡುತ್ತದೆ ಅಷ್ಟೇ, ಬೆಸೆದುಕೊಳ್ಳಬೇಕಾದದ್ದು ಮೂಳೆ. ಅದಕ್ಕಾಗಿ ಸೊಂಟದ ಮೂಳೆಯ ಚೂರು ತೆಗೆದು ಕುತ್ತಿಗೆಯಲ್ಲಿ ಇಟ್ಟಿದ್ದಾರೆ. ಸಿಗರೇಟು ಸೇದಿದರೆ ಮೂಳೆ ಕೂಡುವುದು ಕಷ್ಟ ಎಂದು ಡಾಕ್ಟರು ಖಡಕ್ಕಾಗಿ ಹೇಳಿದರು. ಇವರು ಬಿಟ್ಟರು. ನಾನು ವರ್ಷಗಟ್ಟಲೆ ಹೇಳಿ ಆಗದ ಕೆಲಸ ಅದು.

ರಾತ್ರಿ ಪಾಳಿಯ ನರ್ಸ್‌ಗಳಿಗೆ, ಊಟದ ಡಬ್ಬಿ ತಂದ ಪಕ್ಕದ ಮನೆಯ ಮರಾಠಿ ವಹಿನಿಗೆ, ಊರಿಂದ ಬಂದು ಮಕ್ಕಳನ್ನು ನೋಡಿಕೊಂಡ ಅತ್ತಿಗೆಗೆ, ಸಂಬಳ ನಿಲ್ಲಿಸದ ಹೋಟೆಲ್ ಧಣಿಗಳಿಗೆ ನಮ್ಮ ನಮಸ್ಕಾರ. ಕುತ್ತಿಗೆ ಮೊದಲಿನಷ್ಟು ತಿರುಗುವುದಿಲ್ಲ. ಪಕ್ಕದವರನ್ನು ನೋಡಬೇಕಾದರೆ ಮೈಯನ್ನೇ ತಿರುಗಿಸುತ್ತಾರೆ. ಕರೆದು ಸ್ವಲ್ಪ ಕಾಯಿರಿ, ತಿರುಗಿ ಮಾತಾಡುತ್ತಾರೆ.